ಫಾದರ್, ಪಾಸ್ಟರ್, ಬ್ರದರ್: ಕೈ ಇಟ್ಟವರು ಯಾರು?

ಚಂದಾಪುರದಿಂದ ಮಾತಾಡ್ತಾ ಇದೀನಿ. ಫಾದರ್, ಪಾಸ್ಟರ್, ಬ್ರದರ್ ಮೂವರೂ ಬೈಬಲ್ ಹಿಡಿದು ಪ್ರಾರ್ಥನೆ ನಡೆಸ್ತಾರ. ಹಂಗಿದ್ರ ಒಬ್ಬರಿಗೆ ಬಿಷಪ್ ದೀಕ್ಷೆ ಯಾಕ ಬೇಕು, ಇನ್ನೊಬ್ಬರಿಗೆ ಯಾಕ ಬೇಡ? ಮದುವಿ ವಯಸ್ಸಿನವರಿಗೆ ಇದು ಬರೇ ಧರ್ಮದ ಪ್ರಶ್ನೆ ಅಲ್ಲ, ಕಾಗದಪತ್ರದ್ದೂ ಹೌದು.

ತಕರಾರಿನ ಮೂಲ ರೊಟ್ಟಿ ಮತ್ತು ದ್ರಾಕ್ಷಾರಸ. ಯೇಸು ಶಿಷ್ಯರ ಜೊತೆ ಮಾಡಿದ ಕೊನೆಯ ಊಟದ ನೆನಪು ಅದು. ಬಲಿಪೂಜೆಯಲ್ಲಿ ಅವು ನಿಜವಾಗಿಯೂ ಕ್ರಿಸ್ತನ ಶರೀರ, ರಕ್ತ ಆಗ್ತಾವ ಅನ್ನೋದು ಕ್ಯಾಥೊಲಿಕರ ನಂಬಿಕೆ. ಅದನ್ನು ನಡೆಸುವ ಅಧಿಕಾರ ಅಪೊಸ್ತಲರಿಂದ ಬಿಷಪ್ಪರಿಗೆ, ಅವರಿಂದ ಗುರುಗಳಿಗೆ ತಲೆ ಮೇಲೆ ಕೈಯಿಟ್ಟು ದಾಟಿ ಬಂದದ್ದು. ದೀಕ್ಷೆ ಇಲ್ಲದವನು ಎಷ್ಟೇ ಸಜ್ಜನ ಇರಲಿ, ಪೂಜೆ ಮಾಡುವಂತಿಲ್ಲ.

1520ರಲ್ಲಿ ಮಾರ್ಟಿನ್ ಲೂಥರ್ ಇದನ್ನೇ ಪ್ರಶ್ನಿಸಿದ. ದೀಕ್ಷಾಸ್ನಾನ ಆದವರೆಲ್ಲ ಯಾಜಕರೇ, ಪಾಸ್ಟರ್ ಅನ್ನೋದು ಸಭೆ ವಹಿಸಿದ ಕೆಲಸ ಅಷ್ಟೇ ಅಂದ. ಆದರೂ ಪಾಸ್ಟರನ್ನು ತೆಗೆದುಹಾಕಲಿಲ್ಲ ನೋಡ್ರಿ. ಎಲ್ಲರೂ ಒಟ್ಟಿಗೆ ಮಾತಾಡಿದ್ರ ಕೇಳೋರು ಯಾರು?

ನಮಗ ಹತ್ತಿರದ ಕಥೆ ಮೆಥಡಿಸ್ಟರದು. ಬೀದರ್, ಕಲಬುರಗಿ ಕಡೆ ಅವರ ಸಭೆಗಳು ಹಳೇವು. ಅಮೆರಿಕ ಸ್ವತಂತ್ರ ಆದಮೇಲೆ ಅಲ್ಲಿನ ಮೆಥಡಿಸ್ಟರಿಗೆ ರೊಟ್ಟಿ ಮುರಿದು ಕೊಡುವ ದೀಕ್ಷಿತರು ಸಾಲದಾದರು. ಇಂಗ್ಲೆಂಡಿನ ಬಿಷಪ್ಪರು ಕೈ ಹಿಡಿಯಲಿಲ್ಲ. 1784ರಲ್ಲಿ ಜಾನ್ ವೆಸ್ಲಿ, ತಾನು ಬಿಷಪ್ ಅಲ್ಲದಿದ್ದರೂ, ತಾನೇ ಕೈಯಿಟ್ಟು ದೀಕ್ಷೆ ಕೊಟ್ಟು ಕಳಿಸಿದ. ತಮ್ಮ ಚಾರ್ಲ್ಸ್ ವೆಸ್ಲಿಗೇ ಅದು ಸರಿ ಕಾಣಲಿಲ್ಲ. ನನಗಂತೂ ವೆಸ್ಲಿ ಮಾಡಿದ್ದು ಸರಿ ಅನಿಸ್ತದ. ಹಸಿದ ಜನ ನಿಯಮ ಬದಲಾಗೋ ತನಕ ಕಾಯಬೇಕೇನು?

ಇಂಗ್ಲೆಂಡಿನ ದಂತವೈದ್ಯ ಆಂಥೊನಿ ನಾರಿಸ್ ಗ್ರೋವ್ಸ್ ಇನ್ನೂ ಮುಂದೆ ಹೋದ. ದೀಕ್ಷೆ ಪಡೆಯಲು ಓದುತ್ತಿದ್ದವನು, ರೊಟ್ಟಿ ಮುರಿಯಲು ದೀಕ್ಷೆಯೇ ಬೇಕಿಲ್ಲ ಅನ್ನೋ ನಿಲುವಿಗೆ ಬಂದ. 1833ರಲ್ಲಿ ಭಾರತಕ್ಕೆ ಬಂದ. ಅವನ ಜೊತೆಗಾರರು ಗೋದಾವರಿ ಸೀಮೆಯಲ್ಲಿ ನೆಲೆಯಾದರು. ಬ್ರದರನ್ ಸಭೆಗಳಲ್ಲಿ ಇಂದಿಗೂ ಹಿರಿಯರು ಇರ್ತಾರ, ದೀಕ್ಷಿತ ಪಾದ್ರಿ ಇರೋದಿಲ್ಲ. ಆದರ 'ಎಲ್ಲರೂ ಯಾಜಕರು' ಅನ್ನೋ ಆ ಸಭೆಗಳಲ್ಲಿ ಸಾಮಾನ್ಯವಾಗಿ ಹೆಂಗಸರು ಬೋಧಿಸೋದಿಲ್ಲ. ದೀಕ್ಷೆ, ಬಿಷಪ್ ಎರಡೂ ಇರೋ ಚರ್ಚ್ ಆಫ್ ಸೌತ್ ಇಂಡಿಯಾದಲ್ಲಿ 2013ರಲ್ಲಿ ಪುಷ್ಪ ಲಲಿತಾ ಬಿಷಪ್ಪೇ ಆದರು! ಬಾಗಿಲು ಯಾರಿಗೆ ತೆರೆದದ ಅನ್ನೋದು ಬೋರ್ಡ್ ನೋಡಿ ತಿಳಿಯೋದಿಲ್ಲ.

ಈಗ ಕಾಗದಪತ್ರ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ 5ನೇ ಕಲಂ ಮದುವಿ ಯಾರು ಮಾಡಿಸಬಹುದು ಅಂತ ಪಟ್ಟಿ ಮಾಡ್ತದ. ಬಿಷಪ್ ಕೈಯಿಂದ ದೀಕ್ಷೆ ಪಡೆದವರು, ಸರ್ಕಾರದ ಲೈಸೆನ್ಸ್ ಇರೋ ಧರ್ಮಬೋಧಕರು, ವಿವಾಹ ರಿಜಿಸ್ಟ್ರಾರ್ ಅದರಲ್ಲಿ ಬರ್ತಾರ. 'ನಮ್ಮಲ್ಲಿ ಎಲ್ಲರೂ ಯಾಜಕರು' ಅನ್ನೋ ಮಾತು ಅಲ್ಲಿ ನಡೆಯೋದಿಲ್ಲ. ಅಧಿಕಾರ ಇಲ್ಲದೆ ಮದುವಿ ಮಾಡಿಸಿದವರಿಗೆ 68ನೇ ಕಲಂನಲ್ಲಿ ಹತ್ತು ವರ್ಷದ ತನಕ ಜೈಲು ಅದ. ಆ ಸರ್ಟಿಫಿಕೇಟ್ ಹಿಡಿದು ಪಾಸ್‌ಪೋರ್ಟಿಗೋ ಪಿಂಚಣಿಗೋ ಓಡಾಡಬೇಕಾದೋರು ಮಾತ್ರ ನೀವು.

ಅದಕ್ಕ, ಲಗ್ನಪತ್ರಿಕೆ ಅಚ್ಚು ಹಾಕಿಸೋ ಮೊದಲೇ ಕೇಳ್ರಿ: 'ಅಣ್ಣಾ, ಲೈಸೆನ್ಸ್ ಅದ ಏನು?' ಇಲ್ಲ ಅಂದ್ರ ಪ್ರಾರ್ಥನೆ ಅವರ ಕೈಯಿಂದಲೇ ಆಗಲಿ, ಮದುವಿ ರಿಜಿಸ್ಟ್ರಾರ್ ಮುಂದೆ ಆಗಲಿ. 1954ರ ವಿಶೇಷ ವಿವಾಹ ಕಾಯ್ದೆಯ ದಾರಿ ಹಿಡಿದ್ರ ಮೂವತ್ತು ದಿನದ ನೋಟಿಸ್ ಇರ್ತದ. ತಾರೀಖು ಹಂಗ ಲೆಕ್ಕ ಹಾಕಿಕೊಳ್ರಿ.