ತೋಳಿನ ಮೇಲೆ ನಂದಿನಿ: ಸ್ಕಾಟ್ಲೆಂಡ್ ಕ್ರಿಕೆಟ್ ತಂಡದ ಕತೆ

2024ರ ಜೂನ್ 4 ನಿಮಗೆಲ್ಲ ನೆನಪಿರಬಹುದು. ಲೋಕಸಭೆ ಚುನಾವಣೆಯ ಫಲಿತಾಂಶದ ದಿನ. ನಾನಿರೋದು ಪುಣೆಯ ಹಿಂಜೆವಾಡಿಯಲ್ಲಿ. ಅವತ್ತು ನಮ್ಮ ಫ್ಲೋರಿನಲ್ಲಿ ಕೆಲಸ ಮಾಡಿದವರು ಯಾರೂ ಇಲ್ಲ, ಎಲ್ಲರ ಎರಡನೇ ಮಾನಿಟರಿನಲ್ಲೂ ಸೀಟುಗಳ ಲೆಕ್ಕ. ರಾತ್ರಿ ಮನೆಗೆ ಬಂದ ಮೇಲೆ, ಇನ್ನು ಈ ಚರ್ಚೆ ಸಾಕಪ್ಪಾ ಅಂತ ಚಾನೆಲ್ ಬದಲಿಸಿದೆ. ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್, ಇಂಗ್ಲೆಂಡ್ ವಿರುದ್ಧ ಸ್ಕಾಟ್ಲೆಂಡ್. ಪಕ್ಕದಲ್ಲಿ ನನ್ನ ಮಗಳು ಕೂತಿದ್ದಳು. ಎರಡನೇ ಕ್ಲಾಸು. ಸ್ಕೂಲಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ. ಕನ್ನಡ ಅಂದ್ರೆ ಭಾನುವಾರ ನಾವು ಕೂರಿಸಿಕೊಂಡು ತಿದ್ದಿಸಿದ್ದಷ್ಟೇ. ಅವಳು ಟಿವಿ ಹತ್ತಿರ ಹೋಗಿ ಒಬ್ಬ ಬ್ಯಾಟ್ಸ್‌ಮನ್ನಿನ ತೋಳಿನ ಮೇಲೆ ಬೆರಳಿಟ್ಟು ಅಕ್ಷರ ಕೂಡಿಸಿ ಓದಿದಳು: "ನಂ... ದಿ... ನಿ." ಆಮೇಲೆ ತಿರುಗಿ ಕೇಳಿದಳು, "ಅಪ್ಪಾ, ಇವರು ನಮ್ಮವರಾ?"

ಆ ವಿಶ್ವಕಪ್‌ನಲ್ಲಿ ನಮ್ಮ ಕೆಎಂಎಫ್ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳಿಗೆ ಪ್ರಾಯೋಜಕತ್ವ ಕೊಟ್ಟಿತ್ತು, ಅದು ಗೊತ್ತಿರೋ ವಿಷಯ. ಮಗಳಿಗೆ "ಅಲ್ಲ ಪುಟ್ಟ, ಹಾಲಿನ ಜಾಹೀರಾತು" ಅಂದೆ. ಆದ್ರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯಾಕೆ ಅಂದ್ರೆ ಸ್ಕಾಟ್ಲೆಂಡ್ ತಂಡದ ಇಡೀ ಇತಿಹಾಸ ಈ ಒಂದು ಪ್ರಶ್ನೆಯ ಸುತ್ತಲೇ ಸುತ್ತುತ್ತೆ. ಯಾರು ನಮ್ಮವರು, ಯಾರು ಬೇರೆಯವರು, ಯಾರನ್ನ ಪಕ್ಕದ ಮನೆಯವರು ಕರೆದುಕೊಂಡು ಹೋದ್ರು.

ಸ್ಕಾಟ್ಲೆಂಡ್ ಅಂದ್ರೆ ಫುಟ್‌ಬಾಲು, ರಗ್ಬಿ, ಗಾಲ್ಫ್, ಆಮೇಲೆ ವಿಸ್ಕಿ. ಕ್ರಿಕೆಟ್ ಇಂಗ್ಲಿಷರ ಆಟ, ನಮ್ಮದಲ್ಲ ಅನ್ನೋ ಮನೋಭಾವ ಅಲ್ಲಿ ಇವತ್ತಿಗೂ ಇದೆ. ಆದ್ರೆ ಆಟ ಅಲ್ಲಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. 1785ರಲ್ಲೇ ಅಲೋವಾ ಅನ್ನೋ ಊರಿನ ಹತ್ತಿರ ಪಂದ್ಯ ನಡೆದ ದಾಖಲೆ ಇದೆ. 1865ರಲ್ಲಿ ಸ್ಕಾಟ್ಲೆಂಡ್ ತಂಡ ಇಂಗ್ಲೆಂಡಿನ ಸರ್ರೆ ಕೌಂಟಿಯನ್ನ 172 ರನ್‌ಗಳಿಂದ ಸೋಲಿಸಿತು. 1882ರಲ್ಲಿ, ಅಂದ್ರೆ ಓವಲ್‌ನಲ್ಲಿ ಇಂಗ್ಲೆಂಡನ್ನ ಮಣಿಸಿ 'ಆಷಸ್' ಅನ್ನೋ ಮಾತು ಹುಟ್ಟಿಸಿದ ಆಸ್ಟ್ರೇಲಿಯಾ ಇತ್ತಲ್ಲ, ಅದೇ ವರ್ಷ ಅದೇ ದೇಶದ ತಂಡವನ್ನ ಸ್ಕಾಟ್ಲೆಂಡ್ ಸೋಲಿಸಿತ್ತು. ಕ್ವಿಝ್‌ನಲ್ಲಿ ಇದನ್ನ ಕೇಳಿ ನೋಡಿ, ಯಾರೂ ಹೇಳಲ್ಲ.

ಇನ್ನೊಂದು. ಬ್ರಾಡ್‌ಮನ್ ಕೊನೆಯ ಇನಿಂಗ್ಸ್‌ನಲ್ಲಿ ಸೊನ್ನೆ ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೀವಿ. ಅದು ಕೊನೆಯ ಟೆಸ್ಟು. ಆ ಪ್ರವಾಸ ಮುಗಿಯೋದಕ್ಕೆ ಮೊದಲು, 1948ರ ಸೆಪ್ಟೆಂಬರ್‌ನಲ್ಲಿ ಅವರು ಸ್ಕಾಟ್ಲೆಂಡಿಗೆ ಹೋಗಿದ್ರು. ಬ್ರಿಟನ್ ನೆಲದಲ್ಲಿ ಅವರ ಕೊನೆಯ ಇನಿಂಗ್ಸ್ ಅಬರ್ಡೀನ್ ಊರಿನ ಮ್ಯಾನೋಫೀಲ್ಡ್ ಮೈದಾನದಲ್ಲಿ, ಸ್ಕಾಟ್ಲೆಂಡ್ ವಿರುದ್ಧ: ಔಟಾಗದೆ 123.

ಈಗ ಪಕ್ಕದ ಮನೆಯ ವಿಷಯಕ್ಕೆ ಬರ್ತೀನಿ. ಮೈಕ್ ಡೆನ್ನೆಸ್ ಹೆಸರು ಕೇಳಿದ್ರೆ ನಮ್ಮ ವಯಸ್ಸಿನವರಿಗೆ ಇವತ್ತಿಗೂ ಸ್ವಲ್ಪ ಬಿಪಿ ಏರುತ್ತೆ. 2001ರಲ್ಲಿ ಪೋರ್ಟ್ ಎಲಿಝಬೆತ್‌ನಲ್ಲಿ ಸಚಿನ್ ಸೇರಿ ಭಾರತದ ಆರು ಆಟಗಾರರಿಗೆ ಶಿಕ್ಷೆ ಕೊಟ್ಟ ಮ್ಯಾಚ್ ರೆಫ್ರಿ. ಆತ ಸ್ಕಾಟ್ಲೆಂಡಿನವರು. ಹುಟ್ಟಿದ್ದು ಬೆಲ್ಸ್‌ಹಿಲ್‌ನಲ್ಲಿ, 1959ರಲ್ಲಿ ಸ್ಕಾಟ್ಲೆಂಡ್ ಪರ ಆಡಿದ್ರು, ಆಮೇಲೆ ಇಂಗ್ಲೆಂಡ್ ತಂಡದ ನಾಯಕರಾದ್ರು. 1975ರ ಮೊದಲ ವಿಶ್ವಕಪ್‌ನ ಮೊದಲ ಪಂದ್ಯದಲ್ಲಿ ಗಾವಸ್ಕರ್ 174 ಎಸೆತಕ್ಕೆ 36 ಮಾಡಿದ್ರಲ್ಲ, ಎದುರು ತಂಡದ ನಾಯಕ ಇವರೇ.

ಮುಂಬೈಯಲ್ಲಿರೋ ಕೇಳುಗರಿಗೆ ಇನ್ನೊಂದು ಹೆಸರು: ಡಗ್ಲಸ್ ಜಾರ್ಡಿನ್. ಬಾಡಿಲೈನ್ ಸರಣಿಯ ಕುಖ್ಯಾತ ನಾಯಕ. 1900ರಲ್ಲಿ ನಿಮ್ಮ ಮಲಬಾರ್ ಹಿಲ್‌ನಲ್ಲಿ ಹುಟ್ಟಿದವರು. ಅಪ್ಪ ಅಮ್ಮ ಇಬ್ಬರೂ ಸ್ಕಾಟಿಷ್. 1933ರಲ್ಲಿ ಬಾಂಬೆ ಜಿಮ್ಖಾನಾದಲ್ಲಿ ಭಾರತದ ನೆಲದ ಮೊತ್ತಮೊದಲ ಟೆಸ್ಟ್ ನಡೆದಾಗ ಇಂಗ್ಲೆಂಡ್ ನಾಯಕರಾಗಿ ಬಂದದ್ದೂ ಇವರೇ. ಆಡಿದ್ದೆಲ್ಲ ಇಂಗ್ಲೆಂಡಿಗೆ. ಸತ್ತ ಮೇಲೆ ಚಿತಾಭಸ್ಮ ಹಾಕಿಸಿಕೊಂಡದ್ದು ಮಾತ್ರ ಸ್ಕಾಟ್ಲೆಂಡಿನ ಬೆಟ್ಟದ ಮೇಲೆ. ನಮ್ಮಲ್ಲೂ ಇಂಥವರಿದ್ದಾರೆ ಬಿಡಿ. ಮೂವತ್ತು ವರ್ಷ ದೆಹಲಿಯಲ್ಲಿದ್ದು, ಅಸ್ಥಿ ಮಾತ್ರ ಶ್ರೀರಂಗಪಟ್ಟಣದಲ್ಲೇ ಬಿಡಬೇಕು ಅನ್ನೋರು.

ಇದು ಹಳೇ ಕಾಲದ ಕತೆ ಮಾತ್ರ ಅಲ್ಲ. 1992ರಲ್ಲಿ ಸ್ಕಾಟ್ಲೆಂಡ್ ಇಂಗ್ಲೆಂಡಿನ ಮಂಡಳಿಯಿಂದ ಬೇರೆಯಾಯ್ತು, 1994ರಲ್ಲಿ ಐಸಿಸಿಯ ಅಸೋಸಿಯೇಟ್ ಸದಸ್ಯತ್ವ ಸಿಕ್ಕಿತು, 1999ರಲ್ಲಿ ಮೊದಲ ವಿಶ್ವಕಪ್. ಆಡಿದ ಐದೂ ಪಂದ್ಯ ಸೋತರು. ಲೀಸ್ಟರ್‌ನಲ್ಲಿ ವೆಸ್ಟ್ ಇಂಡೀಸ್ ಎದುರು 68ಕ್ಕೆ ಆಲೌಟ್. ಅದರ ನಡುವೆ ಗ್ಯಾವಿನ್ ಹ್ಯಾಮಿಲ್ಟನ್ ಅನ್ನೋ ಹುಡುಗ 217 ರನ್ ಹೊಡೆದ. ಇಂಗ್ಲೆಂಡ್ ಕಣ್ಣಿಗೆ ಬಿದ್ದ. ಅದೇ ವರ್ಷದ ನವೆಂಬರ್‌ನಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಇಂಗ್ಲೆಂಡ್ ಪರ ಟೆಸ್ಟ್ ಆಡಿಸಿದ್ರು. ಎರಡು ಇನಿಂಗ್ಸ್‌ನಲ್ಲೂ ಸೊನ್ನೆ, ವಿಕೆಟ್ಟೂ ಇಲ್ಲ. ಮತ್ತೆ ಟೆಸ್ಟಿಗೆ ಕರೆಯಲೇ ಇಲ್ಲ. ಅವನು ವಾಪಸ್ ಸ್ಕಾಟ್ಲೆಂಡ್ ಪರ ಆಡೋದಕ್ಕೆ ವರ್ಷಗಟ್ಟಲೆ ಕಾಯಬೇಕಾಯ್ತು. ಇದೊಂದು ಟೆಸ್ಟಿಗೋಸ್ಕರ ಸ್ಕಾಟ್ಲೆಂಡ್ ತನ್ನ ಅತ್ಯುತ್ತಮ ಆಟಗಾರನನ್ನ ಅಷ್ಟು ವರ್ಷ ಕಳೆದುಕೊಂಡಿತು. ನನ್ನ ಪ್ರಕಾರ ಯಾವ ಸೋಲಿಗಿಂತಲೂ ದೊಡ್ಡ ನಷ್ಟ ಇದೇ.

ಅಸೋಸಿಯೇಟ್ ಅಂದ್ರೇನು ಅಂತ ನಮ್ಮ ಭಾಷೆಯಲ್ಲಿ ಹೇಳ್ತೀನಿ. ಟೆಸ್ಟ್ ಆಡೋ ದೇಶಗಳು ಪರ್ಮನೆಂಟ್ ಉದ್ಯೋಗಿಗಳು, ಅಸೋಸಿಯೇಟ್‌ಗಳು ಕಾಂಟ್ರಾಕ್ಟ್‌ನವರು. ಕೆಲಸ ಅದೇ, ಕೂರೋದು ಅದೇ ಫ್ಲೋರು. ಆದ್ರೆ ಸಂಬಳ ಬೇರೆ, ದೊಡ್ಡ ಪ್ರಾಜೆಕ್ಟ್ ಕೊಡಲ್ಲ, ಮತ್ತು ಪ್ರತಿ ಸಲ ಅರ್ಹತೆ ಸಾಬೀತು ಮಾಡ್ತಾ ಇರಬೇಕು. ಒಂದು ಕೆಟ್ಟ ದಿನ ಬಂದ್ರೆ ನಾಲ್ಕು ವರ್ಷ ಹೋಯ್ತು.

ಈಗ 2003. ಈ ವರ್ಷದ ಕತೆ ನಾನು ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಕ್ಷಮಿಸಿ, ನಾನು ಇಂದಿರಾನಗರದ ಗೂಂಡಾನ ಅಭಿಮಾನಿ. ಆ ವರ್ಷ ಇಂಗ್ಲೆಂಡಿನ ಕೌಂಟಿಗಳ ನ್ಯಾಷನಲ್ ಲೀಗ್‌ಗೆ ಸ್ಕಾಟ್ಲೆಂಡ್ ತಂಡವನ್ನೂ ಸೇರಿಸಿಕೊಂಡ್ರು. ಹೊರಗಿನ ಆಟಗಾರನಾಗಿ ಬಂದದ್ದು ನಮ್ಮ ರಾಹುಲ್ ದ್ರಾವಿಡ್! ಮೇ ತಿಂಗಳ ಆರಂಭದಲ್ಲಿ ಮದುವೆ ಆಗಿ, ಹೆಂಡತಿ ಜೊತೆ ನೇರ ಸ್ಕಾಟ್ಲೆಂಡಿಗೆ. ಲೀಗ್‌ನಲ್ಲಿ 11 ಪಂದ್ಯ, 600 ರನ್, ಮೂರು ಶತಕ, ಸರಾಸರಿ 66.66. ವಿಶ್ವಕಪ್ ಫೈನಲ್ ಆಡಿ ಎರಡು ತಿಂಗಳೂ ಆಗಿರಲಿಲ್ಲ. ಚಳಿ, ಮೋಡ, ಪುಟ್ಟ ಮೈದಾನ, ಪಕ್ಕದಲ್ಲಿ ಬೇರೆ ನೌಕರಿ ಮಾಡ್ಕೊಂಡು ಆಡೋ ಸಹ ಆಟಗಾರರು. ಅವರು ಆಡಿದ ಪಂದ್ಯಗಳಲ್ಲಿ ತಂಡ ಗೆದ್ದದ್ದು ತೀರಾ ಕಡಿಮೆ. ಆದ್ರೂ ಸ್ಕೋರ್‌ಕಾರ್ಡ್ ತೆಗೆದು ನೋಡಿ, ಮನುಷ್ಯ ಒಂದು ಪಂದ್ಯಾನೂ ರಜೆಗೆ ಬಂದವನ ಹಾಗೆ ಆಡಿಲ್ಲ. ಎರಡು ವರ್ಷದೊಳಗೆ ಸ್ಕಾಟ್ಲೆಂಡ್ ಇಂಟರ್‌ಕಾಂಟಿನೆಂಟಲ್ ಕಪ್ ಗೆದ್ದಿತು, 2005ರಲ್ಲಿ ಐಸಿಸಿ ಟ್ರೋಫಿಯನ್ನೂ ಗೆದ್ದಿತು. ಅದಕ್ಕೆ ದ್ರಾವಿಡ್ ಕಾರಣ ಅಂತ ನಾನು ಹೇಳಿದ್ರೆ ನೀವು ನಗ್ತೀರಿ. ಹೇಳಲ್ಲ.

ಮುಂದಿನದ್ದನ್ನ ಬೇಗ ಹೇಳಿಬಿಡ್ತೀನಿ. 2007ರ ಏಕದಿನ ವಿಶ್ವಕಪ್‌ನಲ್ಲಿ ಮೂರಕ್ಕೆ ಮೂರು ಸೋಲು. 2015ರಲ್ಲಿ ಆರಕ್ಕೆ ಆರು. ಅಂದ್ರೆ ಏಕದಿನ ವಿಶ್ವಕಪ್‌ನಲ್ಲಿ ಒಟ್ಟು 14 ಪಂದ್ಯ, ಗೆಲುವು ಸೊನ್ನೆ. 2007ರ ಮೊದಲ ಟಿ20 ವಿಶ್ವಕಪ್‌ನಲ್ಲಿ ಪಾಕಿಸ್ತಾನದ ಜೊತೆ ಆ ಬೌಲ್-ಔಟ್ ನೋಡಿದ್ವಲ್ಲ, ಅದರ ಹಿಂದಿನ ದಿನ ಅದೇ ಡರ್ಬನ್‌ನಲ್ಲಿ ಭಾರತ–ಸ್ಕಾಟ್ಲೆಂಡ್ ಪಂದ್ಯ ಮಳೆಗೆ ಹೋಗಿತ್ತು. ಐಸಿಸಿಯ ದೊಡ್ಡ ಟೂರ್ನಿಯಲ್ಲಿ ಸ್ಕಾಟ್ಲೆಂಡಿನ ಮೊದಲ ಗೆಲುವು ಬಂದದ್ದು 2016ರ ಮಾರ್ಚ್‌ನಲ್ಲಿ, ಎಲ್ಲಿ ಗೊತ್ತಾ? ನಾಗಪುರದಲ್ಲಿ. ಎದುರಾಳಿ ಹಾಂಗ್‌ಕಾಂಗ್. ಅಲ್ಲೂ ಮಳೆ.

2018 ಬೇರೆ ಥರದ ವರ್ಷ. ಮಾರ್ಚ್‌ನಲ್ಲಿ ಹರಾರೆಯಲ್ಲಿ ವಿಶ್ವಕಪ್ ಅರ್ಹತಾ ಪಂದ್ಯ. ಎದುರು ವೆಸ್ಟ್ ಇಂಡೀಸ್, ಗೆದ್ದರೆ ವಿಶ್ವಕಪ್. 199 ರನ್ ಬೇಕು. ಚೆನ್ನಾಗಿ ಆಡ್ತಿದ್ದ ರಿಚಿ ಬೆರಿಂಗ್ಟನ್‌ಗೆ ಎಲ್‌ಬಿಡಬ್ಲ್ಯೂ ಕೊಟ್ರು. ರೀಪ್ಲೇಯಲ್ಲಿ ಚೆಂಡು ಸ್ಟಂಪ್ ಬಿಟ್ಟು ಹೋಗೋ ಹಾಗೆ ಕಾಣ್ತಿತ್ತು, ಆದ್ರೆ ಆ ಟೂರ್ನಿಗೆ ಡಿಆರ್‌ಎಸ್ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮಳೆ. ಡಕ್ವರ್ತ್ ಲೂಯಿಸ್ ಲೆಕ್ಕದಲ್ಲಿ 5 ರನ್ ಸೋಲು. ಹತ್ತೇ ತಂಡಗಳ ವಿಶ್ವಕಪ್‌ನ ಬಾಗಿಲು ಮುಚ್ಚಿತು.

ಮೂರು ತಿಂಗಳೂ ಆಗಿರಲಿಲ್ಲ. ಜೂನ್ 10, ಭಾನುವಾರ, ಎಡಿನ್‌ಬರಾದ ಗ್ರೇಂಜ್ ಮೈದಾನ, ಎದುರು ಇಂಗ್ಲೆಂಡ್, ಆಗ ಜಗತ್ತಿನ ನಂಬರ್ ಒನ್ ಏಕದಿನ ತಂಡ. ನನಗೆ ಅವತ್ತು ರಾತ್ರಿ ಪ್ರೊಡಕ್ಷನ್ ರಿಲೀಸ್ ಇತ್ತು. ಕರೆಯಲ್ಲಿ ಮ್ಯೂಟ್ ಹಾಕ್ಕೊಂಡು ಸ್ಕೋರ್ ರಿಫ್ರೆಶ್ ಮಾಡ್ತಾ ಕೂತಿದ್ದೆ. ಸ್ಕಾಟ್ಲೆಂಡ್ 371ಕ್ಕೆ 5, ಕ್ಯಾಲಮ್ ಮೆಕ್ಲಿಯೋಡ್ ಔಟಾಗದೆ 140. ಬೇರ್‌ಸ್ಟೋ ಶತಕ ಹೊಡೆದಾಗ ಮುಗೀತು ಅಂದ್ಕೊಂಡೆ. ಆಮೇಲೆ ವಿಕೆಟ್‌ಗಳು ಬಿದ್ದವು. ಕೊನೆಗೆ ಏಳು ಬೇಕು, ಒಂದು ವಿಕೆಟ್ ಬಾಕಿ. ಸಫ್ಯಾನ್ ಷರೀಫ್ ಮಾರ್ಕ್ ವುಡ್‌ನ ಕಾಲಿಗೆ ಯಾರ್ಕರ್ ಹಾಕಿದ. ಎಲ್‌ಬಿಡಬ್ಲ್ಯೂ. 365 ಆಲೌಟ್, ಆರು ರನ್ ಗೆಲುವು. ಕಿರುಚಿದೆ. ಮ್ಯೂಟ್ ತೆಗೆದಿತ್ತು ಅಂತ ಆಮೇಲೆ ಗೊತ್ತಾಯ್ತು.

ಸಫ್ಯಾನ್ ಷರೀಫ್. ಪಾಕಿಸ್ತಾನಿ ಮೂಲದ ಹುಡುಗ. ಬೆರಿಂಗ್ಟನ್ ಹುಟ್ಟಿದ್ದು ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ. ಕ್ರಿಸ್ ಗ್ರೀವ್ಸ್ ಜೋಹಾನ್ಸ್‌ಬರ್ಗ್‌ನಲ್ಲಿ. 2021ರ ಟಿ20 ವಿಶ್ವಕಪ್‌ನಲ್ಲಿ 53ಕ್ಕೆ 6 ಆಗಿದ್ದ ತಂಡವನ್ನ 45 ರನ್ ಹೊಡೆದು ಎತ್ತಿ, ಬಾಂಗ್ಲಾದೇಶವನ್ನ ಸೋಲಿಸಿದವನು ಈ ಗ್ರೀವ್ಸ್. ಅದಕ್ಕೆ ಸ್ವಲ್ಪ ಮುಂಚೆ ಅಮೆಜಾನ್ ಪಾರ್ಸೆಲ್ ಹಂಚ್ತಾ ಇದ್ದ ಅಂತ ನಾಯಕ ಕೈಲ್ ಕೋಟ್ಜರ್ ಪಂದ್ಯದ ನಂತರ ಹೇಳಿದ್ರು. ಅದೇ ಟೂರ್ನಿಯಲ್ಲಿ ಭಾರತ ಅವರನ್ನ 85ಕ್ಕೆ ಕಟ್ಟಿಹಾಕಿ 6.3 ಓವರ್‌ನಲ್ಲಿ ಮುಗಿಸಿತು, ನಮ್ಮ ಮಂಗಳೂರಿನ ರಾಹುಲ್ 19 ಎಸೆತಕ್ಕೆ 50. ಪಂದ್ಯ ಮುಗಿದ ಮೇಲೆ ಕೊಹ್ಲಿ, ರೋಹಿತ್, ಅಶ್ವಿನ್, ಬುಮ್ರಾ ಎಲ್ಲ ಸ್ಕಾಟ್ಲೆಂಡ್ ಡ್ರೆಸಿಂಗ್ ರೂಮಿಗೆ ಹೋಗಿ ಮಾತಾಡ್ತಾ ಕೂತ್ರು.

ಇಷ್ಟು ಕೇಳಿದ್ರೆ ಎಲ್ಲರನ್ನೂ ಸೇರಿಸಿಕೊಳ್ಳೋ ಚಂದದ ತಂಡ ಅನಿಸುತ್ತೆ. ನನಗೂ ಹಾಗೇ ಅನಿಸಿತ್ತು. ಆಮೇಲೆ ಮಜೀದ್ ಹಕ್ ಮಾತಾಡಿದ್ರು. ಆಫ್ ಸ್ಪಿನ್ನರ್, ಏಕದಿನದಲ್ಲಿ ಸ್ಕಾಟ್ಲೆಂಡ್ ಪರ ಅತಿ ಹೆಚ್ಚು ವಿಕೆಟ್ ತೆಗೆದಿದ್ದವರು. 2015ರ ವಿಶ್ವಕಪ್ ಮಧ್ಯದಲ್ಲಿ, ಅಲ್ಪಸಂಖ್ಯಾತನಾದ್ರೆ ಕಷ್ಟ ಅನ್ನೋ ಅರ್ಥದ ಒಂದು ಟ್ವೀಟ್ ಹಾಕಿದ ಮೇಲೆ ಅವರನ್ನ ಮನೆಗೆ ಕಳಿಸಿದ್ದರು. ಮತ್ತೆ ತಂಡಕ್ಕೆ ಬರಲಿಲ್ಲ. 2021ರ ನವೆಂಬರ್‌ನಲ್ಲಿ ಅವರೂ ಹಳೇ ಸಹ ಆಟಗಾರ ಖಾಸಿಂ ಶೇಖ್ ಅವರೂ ತಾವು ಎದುರಿಸಿದ ಜನಾಂಗೀಯ ತಾರತಮ್ಯದ ಬಗ್ಗೆ ಬಹಿರಂಗವಾಗಿ ಹೇಳಿದ್ರು. ಸ್ವತಂತ್ರ ತನಿಖೆ ನಡೀತು. 2022ರ ಜುಲೈನಲ್ಲಿ ವರದಿ ಬಂತು: 448 ಉದಾಹರಣೆಗಳು, ಸಾಂಸ್ಥಿಕ ತಾರತಮ್ಯ ಅಳೆಯೋ 31 ಮಾನದಂಡಗಳಲ್ಲಿ 29ರಲ್ಲಿ ಸಂಸ್ಥೆ ಫೇಲು. ವರದಿ ಹೊರಬರೋ ಹಿಂದಿನ ದಿನ ಇಡೀ ಮಂಡಳಿ ರಾಜೀನಾಮೆ ಕೊಟ್ಟಿತು.

ಇದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣ ಸ್ಕಾಟ್ಲೆಂಡ್ ಅಲ್ಲ. ಅದಕ್ಕೆ ಕೆಲವು ವರ್ಷ ಮೊದಲು ನಾವು ಇಲ್ಲಿನ ಕನ್ನಡದ ಹುಡುಗರು ವೀಕೆಂಡ್ ಟೂರ್ನಮೆಂಟಿಗೆ ಒಂದು ತಂಡ ಕಟ್ಟಿದ್ವಿ. ಮಲ್ಲೇಶ್ವರದಲ್ಲಿ ಹುಟ್ಟಿ ಬೆಳೆದ ಒಬ್ಬ ಬಂದ. ಒಳ್ಳೆ ಎಡಗೈ ಸ್ಪಿನ್ನರ್, ಕನ್ನಡ ನನಗಿಂತ ಸೊಗಸು. ಮನೆಮಾತು ತಮಿಳು. "ಕನ್ನಡದವರ ತಂಡ ಅಂತ ಹೆಸರಿಟ್ಟಿದ್ದೀವಿ, ನಾಳೆ ಯಾರಾದ್ರೂ ಕೇಳಿದ್ರೆ?" ಅಂದದ್ದು ನಾನೇ. ಬೇರೆ ಯಾರೂ ಅಲ್ಲ. ಅವನು ಏನೂ ಜಗಳ ಮಾಡಲಿಲ್ಲ, "ಸರಿ ಗುರು" ಅಂದು ಹೋದ. ಸೆಮಿಫೈನಲ್‌ನಲ್ಲಿ ಎದುರು ತಂಡದಲ್ಲಿದ್ದ. ನನ್ನನ್ನೂ ಸೇರಿಸಿ ನಾಲ್ಕು ಜನರನ್ನ ಔಟ್ ಮಾಡಿದ. ನನ್ನ ಕನ್ನಡತನವನ್ನ ಪುಣೆಯಲ್ಲಿ ಯಾರಾದ್ರೂ ಪ್ರಶ್ನೆ ಮಾಡಿದ್ರೆ ನಾನು ಒಂದು ವಾರ ಅದನ್ನೇ ಹೇಳ್ಕೊಂಡು ತಿರುಗ್ತೀನಿ. ಅವನಿಗೆ ಅದನ್ನ ನಾನು ಎರಡು ನಿಮಿಷದಲ್ಲಿ ಮಾಡಿ ಮುಗಿಸಿದ್ದೆ.

ತಂಡದ ಕತೆಗೆ ವಾಪಸ್. ವರದಿ ಬಂದ ಮೂರೇ ತಿಂಗಳಿಗೆ ಹೊಬಾರ್ಟ್‌ನಲ್ಲಿ ವೆಸ್ಟ್ ಇಂಡೀಸನ್ನ 42 ರನ್‌ಗಳಿಂದ ಸೋಲಿಸಿದ್ರು. 2023ರ ಅರ್ಹತಾ ಟೂರ್ನಿಯಲ್ಲಿ ಮತ್ತೆ ಸೋಲಿಸಿ, ವೆಸ್ಟ್ ಇಂಡೀಸ್ ಇಲ್ಲದ ಮೊದಲ ಏಕದಿನ ವಿಶ್ವಕಪ್ ಆಗೋ ಹಾಗೆ ಮಾಡಿದ್ರು. ಜಿಂಬಾಬ್ವೆಯನ್ನೂ ಸೋಲಿಸಿದ್ರು. ಉಳಿದದ್ದು ನೆದರ್ಲೆಂಡ್ಸ್. ಅವರು 278 ರನ್ನನ್ನ 44 ಓವರ್ ಒಳಗೆ ಹೊಡೆದರೆ ಮಾತ್ರ ಸ್ಕಾಟ್ಲೆಂಡ್ ಹೊರಗೆ. ಬಾಸ್ ಡಿ ಲೀಡ್ ಐದು ವಿಕೆಟ್ ತೆಗೆದು 123 ರನ್ನೂ ಹೊಡೆದ. 42.5 ಓವರ್‌ಗೆ ಮುಗೀತು. ಬೆಂಗಳೂರು ಹತ್ತಿರದ ಆಲೂರಿಗೆ ವಿಶ್ವಕಪ್ ಅಭ್ಯಾಸಕ್ಕೆ ಬಂದದ್ದು ಆರೆಂಜ್ ಜೆರ್ಸಿ.

ಮತ್ತೆ ಆ ಜೂನ್ ರಾತ್ರಿಗೆ. ಬಾರ್ಬಡೋಸ್‌ನಲ್ಲಿ ಸ್ಕಾಟ್ಲೆಂಡ್ 10 ಓವರ್‌ಗೆ ವಿಕೆಟ್ ಇಲ್ಲದೆ 90. ಮಳೆ. ಇಂಗ್ಲೆಂಡ್ ಒಂದು ಎಸೆತಾನೂ ಆಡದೆ ಒಂದು ಅಂಕ ತಗೊಂಡು ಹೋಯ್ತು. ನಮೀಬಿಯಾ, ಒಮಾನ್ ಎರಡನ್ನೂ ಸ್ಕಾಟ್ಲೆಂಡ್ ಸೋಲಿಸಿತು. ಕೊನೆಯ ಪಂದ್ಯ ಆಸ್ಟ್ರೇಲಿಯಾ ಜೊತೆ, ನಮಗೆ ಜೂನ್ 16ರ ಬೆಳಿಗ್ಗೆ ಆರು ಗಂಟೆ. ಗೆದ್ದರೆ ಸೂಪರ್ ಎಂಟು, ಇಂಗ್ಲೆಂಡ್ ಮನೆಗೆ. ಅಷ್ಟು ಹೊತ್ತಿಗೆ ಎದ್ದು ಯಾರ ಜೊತೆ ನೋಡೋದು? ಆ ಮಲ್ಲೇಶ್ವರದ ಸ್ಪಿನ್ನರ್‌ಗೆ ಹಿಂದಿನ ರಾತ್ರಿ ಮೆಸೇಜ್ ಹಾಕಿದ್ದೆ. ಎಷ್ಟೋ ವರ್ಷದ ಮೇಲೆ. ಐದೂಮುಕ್ಕಾಲಿಗೆ ಬೆಲ್ ಆಯ್ತು. ಕೈಯಲ್ಲಿ ಬಿಸಿ ಪೋಹಾ ಪೊಟ್ಟಣ.

ಸ್ಕಾಟ್ಲೆಂಡ್ 180 ಹೊಡೀತು, ಮೆಕ್‌ಮಲೆನ್ 34 ಎಸೆತಕ್ಕೆ 60. ಹೆಡ್, ಸ್ಟೋಯ್ನಿಸ್ ಇಬ್ಬರೂ ಅರ್ಧಶತಕ ದಾಟಿದ್ರು. ಇನ್ನೂ ಎರಡು ಎಸೆತ ಇರುವಾಗ ಮುಗೀತು. ಇಂಗ್ಲೆಂಡಿಗೂ ಸ್ಕಾಟ್ಲೆಂಡಿಗೂ ತಲಾ ಐದು ಅಂಕ, ರನ್ ರೇಟ್‌ನಲ್ಲಿ ಇಂಗ್ಲೆಂಡ್ ಮುಂದೆ ಹೋಯ್ತು. ಅವನು ಟೀ ಲೋಟ ಕೆಳಗಿಟ್ಟು, "ಒಬ್ಬ ಒಳ್ಳೆ ಎಡಗೈ ಸ್ಪಿನ್ನರ್ ಜಾಸ್ತಿ ಇದ್ದಿದ್ರೆ ಆಗ್ತಿತ್ತು" ಅಂದ. ನಾನು ಅಡುಗೆಮನೆಗೆ ಹೋಗಿ ಇನ್ನೊಂದು ಲೋಟ ಟೀ ಹಾಕ್ಕೊಂಡು ಬಂದೆ.