ಹೆಂಗಸರ ಹಾರ್ಮೋನುಗಳು ಮತ್ತು ಕೀಲುವಾತ
(ಸಂಘದ ಬೆಳ್ಳಿಹಬ್ಬದ ಆರೋಗ್ಯ ಶಿಬಿರದಲ್ಲಿ ವೈದ್ಯರು ಮಾಡಿದ ಭಾಷಣ)



ಹಾಲು ಕರೆಯುವುದಕ್ಕೆ ಬೆರಳಲ್ಲಿ ಶಕ್ತಿ ಬೇಕು. ಆ ಬೆರಳನ್ನೇ ಹಿಡಿಯುವ ಒಂದು ಕಾಯಿಲೆಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಅದರ ಹೆಸರು ರುಮಟಾಯ್ಡ್ ಆರ್ಥ್ರೈಟಿಸ್. ಕೀಲುವಾತ, ಆಮವಾತ ಅಂತಲೂ ಕರೆಯುತ್ತಾರೆ. ವಯಸ್ಸಾಗಿ ಮಂಡಿ ಸವೆದು ಬರುವ ನೋವೇ ಬೇರೆ, ಇದೇ ಬೇರೆ. ರೋಗಾಣುಗಳ ಮೇಲೆ ಹೋರಾಡಬೇಕಾದ ದೇಹದ ರಕ್ಷಣಾ ಶಕ್ತಿಯು ದಾರಿ ತಪ್ಪಿ ನಮ್ಮ ಕೀಲಿನ ಒಳಪೊರೆಯ ಮೇಲೇ ತಿರುಗಿ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಇದು ಗಂಡಸರಿಗಿಂತ ಹೆಂಗಸರಲ್ಲಿ 2ರಿಂದ 3 ಪಟ್ಟು ಹೆಚ್ಚು. ಇದಕ್ಕೆ ಹಾರ್ಮೋನುಗಳೂ ಒಂದು ಕಾರಣವಿರಬೇಕೆಂಬ ಗುಮಾನಿ ಹಳೆಯದು. ಅಮೆರಿಕದ ಮೇಯೋ ಕ್ಲಿನಿಕ್ಕಿನ ಡಾ. ಫಿಲಿಪ್ ಹೆಂಚ್ ಎಂಬುವರು 1938ರಲ್ಲೇ ಬರೆದರು: ಈ ಕಾಯಿಲೆಯ ಹೆಂಗಸರು ಬಸುರಾದಾಗ ನೋವು ಇಳಿಯುತ್ತದೆ, ಹೆರಿಗೆಯ ನಂತರ ಮರಳುತ್ತದೆ. ಆ ಜಾಡು ಹಿಡಿದು ಹುಡುಕಿದ ಅವರು 1948ರಲ್ಲಿ ಕಾರ್ಟಿಸೋನ್ ಪ್ರಯೋಗಿಸಿ, 1950ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪಡೆದರು. ಕಾರ್ಟಿಸೋನ್ ಹೆಣ್ಣು ಹಾರ್ಮೋನಲ್ಲ. ಆದರೆ ಬಸುರಿಯರನ್ನು ಗಮನಿಸಿದ್ದು ಅಲ್ಲಿಗೆ ದಾರಿ ತೋರಿಸಿತು.

ಹಾಗಾದರೆ ಎಚ್ಚರ ಯಾವಾಗ? ಒಂದು, ಹೆರಿಗೆಯಾದ ಮೊದಲ ವರ್ಷ. ಎರಡು, ಮುಟ್ಟು ನಿಲ್ಲುವ ಕಾಲ. ಬೇಗ ಮುಟ್ಟು ನಿಂತವರಲ್ಲಿ ಅಪಾಯ ಸ್ವಲ್ಪ ಹೆಚ್ಚು. ಮಗುವಿಗೆ ಹೆಚ್ಚು ಕಾಲ ಎದೆಹಾಲು ಕೊಟ್ಟವರಲ್ಲಿ ಅಪಾಯ ಕಡಿಮೆ ಎಂದು ಅಮೆರಿಕದ ನರ್ಸುಗಳ ಮೇಲೆ ನಡೆದ ದೊಡ್ಡ ಅಧ್ಯಯನ 2004ರಲ್ಲಿ ತಿಳಿಸಿತು. ಹಾಗಂತ ಹಾರ್ಮೋನ್ ಮಾತ್ರೆ ನುಂಗಿದರೆ ಕೀಲುವಾತ ಬರೋದಿಲ್ಲ ಅಂದುಕೊಳ್ಳಬೇಡಿ, ಅದಕ್ಕೆ ಆಧಾರವಿಲ್ಲ. ಬೀಡಿ, ಸಿಗರೇಟಿನ ಹೊಗೆಯಂತೂ ಈ ಕಾಯಿಲೆಗೆ ಗೊಬ್ಬರ.

ಗುರುತು ಹೀಗೆ: ಎರಡೂ ಕೈಯ ಬೆರಳಿನ ಗಿಣ್ಣು, ಮಣಿಕಟ್ಟು ಊದಿಕೊಳ್ಳುತ್ತವೆ. ಬೆಳಿಗ್ಗೆ ಎದ್ದರೆ ಅರ್ಧ ಗಂಟೆ, ಒಂದು ಗಂಟೆಯಾದರೂ ಮುಷ್ಟಿ ಕಟ್ಟಲಾಗದು. ಸುಸ್ತು ಬಿಡದು. "ಬಾಣಂತಿಗೆ ವಾಯು, ತಾನೇ ಹೋಗುತ್ತೆ", "ವಯಸ್ಸಾಯ್ತಲ್ಲಮ್ಮ" ಅಂತ ಮನೆಯವರು ಸುಮ್ಮನಿರಿಸುತ್ತಾರೆ. ಅಷ್ಟರಲ್ಲಿ ಕೀಲಿನ ಮೂಳೆ ಕೊರೆದು ಬೆರಳು ಸೊಟ್ಟಗಾಗಿರುತ್ತದೆ. ಸೊಟ್ಟಾದದ್ದನ್ನು ಮಾತ್ರೆ ನೆಟ್ಟಗೆ ಮಾಡದು. ಆದ್ದರಿಂದ ಊತ ಕೆಲವು ವಾರ ಇಳಿಯದಿದ್ದರೆ ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ತೋರಿಸಿ. ರಕ್ತಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಊತವಿದ್ದರೆ ಮತ್ತೆ ಹೋಗಿ.

ಬೇಗ ಶುರುಮಾಡಿದರೆ ಕಾಯಿಲೆಯನ್ನು ಹತೋಟಿಗೆ ತರುವ ಔಷಧಿಗಳಿವೆ. ಮುಖ್ಯವಾದದ್ದು ಮೆಥೋಟ್ರೆಕ್ಸೇಟ್. ಇದು ವಾರಕ್ಕೊಂದೇ ದಿನ ತೆಗೆದುಕೊಳ್ಳುವ ಔಷಧಿ. ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಬಸುರಿಯರಿಗೆ ಕೂಡದು, ಮಗು ಬೇಕೆನ್ನುವವರು ಮೊದಲೇ ಡಾಕ್ಟರಿಗೆ ಹೇಳಬೇಕು. ಮೆಡಿಕಲ್ ಶಾಪಿನಿಂದ ತಾವೇ ಸ್ಟೀರಾಯ್ಡ್ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಮೂಳೆ ಟೊಳ್ಳಾಗಿ, ಸಕ್ಕರೆ ಕಾಯಿಲೆಯೂ ಬಂದೀತು.

ಕೊನೆಯದಾಗಿ ಗಂಡಸರಿಗೆ ಒಂದು ಮಾತು. "ನಾನು ಆಸ್ಪತ್ರೆಗೆ ಹೋದರೆ ಹಸು ಕರೆಯೋರು ಯಾರು?" ಎಂದೇ ಎಷ್ಟೋ ತಾಯಂದಿರು ದಿನ ದೂಡುತ್ತಾರೆ. ಆ ದಿನ ತಂಬಿಗೆ ನೀವು ಹಿಡಿಯಿರಿ, ಅವರನ್ನು ಬಸ್ಸು ಹತ್ತಿಸಿ. ಇಪ್ಪತ್ತೈದು ವರ್ಷ ಈ ಸಂಘವನ್ನು ನಡೆಸಿಕೊಂಡು ಬಂದದ್ದು ಆ ಕೈಗಳೇ ಅಲ್ಲವೇ?