ದಣಿವೆಲ್ಲ ಮೈಗಳ್ಳತನವಲ್ಲ
(ಕೋಗಿಲಿನಲ್ಲಿ ಮಾಡಿದ ಭಾಷಣ)



ಕೋಗಿಲಿನಿಂದ ಯಲಹಂಕ, ದೊಡ್ಡಬಳ್ಳಾಪುರಗಳತ್ತ ದುಡಿಯಹೋಗುವ ನಾವು ದಿನವೂ ಆಡುವ ಮಾತು, “ಮೈಯಲ್ಲಿ ಕಸುವಿಲ್ಲ.” ಹೆಣ್ಣುಮಗಳು ಹೀಗೆಂದರೆ ಮನೆಯಲ್ಲಿ ಸೋಮಾರಿ, ಕಾರ್ಖಾನೆಯಲ್ಲಿ ಮೈಗಳ್ಳಿ.

ದುಡಿತದ ದಣಿವು ನಿದ್ರೆಯಿಂದ ತೀರಬೇಕು. ತಿಂಗಳುಗಟ್ಟಲೆ ತೀರದೆ, ಚಳಿ ತಡೆಯದೆ, ತೂಕ ಏರಿ, ಮಲಬದ್ಧತೆಯಾಗಿ, ಕೂದಲುದುರಿ, ಮುಟ್ಟು ಏರುಪೇರಾದರೆ ಕತ್ತಿನ ಥೈರಾಯಿಡ್ ಗ್ರಂಥಿ ಸೋತಿರಬಹುದು. ಅದು ಮಿತಿಮೀರಿ ದುಡಿದರೋ, ಉಂಡರೂ ಮೈ ಇಳಿಯುತ್ತದೆ, ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ.

ಆದರೆ ಸುಸ್ತು ರಕ್ತಹೀನತೆಯಲ್ಲೂ ಉಂಟು. ಊಹೆ ಸಾಲದು, ರಕ್ತದಲ್ಲಿ ಟಿ.ಎಸ್.ಎಚ್. ನೋಡಿಸಬೇಕು. ಇದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯು ಥೈರಾಯಿಡ್‌ಗೆ ಕಳಿಸುವ ತಾಕೀತು. ಆಳು ಸೋತಷ್ಟೂ ಮೇಸ್ತ್ರಿಯ ಕೂಗು ಏರುವಂತೆ, ಥೈರಾಯಿಡ್ ಸೋತರೆ ಸಾಮಾನ್ಯವಾಗಿ ಈ ಅಂಕಿ ಏರುತ್ತದೆ. ಏರುಪೇರು ಕಂಡರೆ ಟಿ-4 ಪರೀಕ್ಷೆಯೂ ಬೇಕು. ಕೂದಲಿಗೆಂದು ಬಯೋಟಿನ್ ಗುಳಿಗೆ ನುಂಗುವವರು ಮೊದಲೇ ತಿಳಿಸಬೇಕು, ಫಲಿತಾಂಶ ತಪ್ಪಬಹುದು. ಗರ್ಭಿಣಿಯರಂತೂ ತಡಮಾಡಕೂಡದು, ಕೂಸಿನ ಮೆದುಳು ಬೆಳೆಯಲು ತಾಯಿಯ ಥೈರಾಯಿಡ್ ಹಾರ್ಮೋನು ಬೇಕೇ ಬೇಕು.

ಅಂಗಡಿಯ ಮಿತ್ರರಿಗೂ ಒಂದು ಮಾತು. ಗಳಗಂಡ ತಡೆಯಲು 1962ರಲ್ಲಿ ಭಾರತ ಸರಕಾರ ಅಯೋಡಿನ್ ಉಪ್ಪಿನ ಕಾರ್ಯಕ್ರಮ ತಂದಿತು. ಆ ಉಪ್ಪನ್ನು ಬಿಸಿಲಿಗೆ, ತೇವಕ್ಕೆ ಇಡಬೇಡಿ, ಅಯೋಡಿನ್ ಹಾರಿಹೋಗುತ್ತದೆ. ಹಾಗೆಂದು ಉಪ್ಪೇ ಔಷಧವಲ್ಲ. ಅದನ್ನು ಉಂಡವರಿಗೂ ಈ ಕಾಯಿಲೆ ಬರುತ್ತದೆ.

ಪಕ್ಕದ ಮನೆಯವರ ಗುಳಿಗೆಯನ್ನು ನಾವು ನುಂಗುವುದು ಬೇಡ. ಸರಕಾರಿ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸೋಣ. ಥೈರಾಯಿಡ್ ಸೋತದ್ದಕ್ಕೆ ವೈದ್ಯರು ಗುಳಿಗೆ ಕೊಟ್ಟರೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಕಾಫಿಗೂ ಮುಂಚೆ ನೀರಿನೊಡನೆ ತೆಗೆದುಕೊಳ್ಳಬೇಕು. ಹಗುರಾಯಿತೆಂದು ತಾವಾಗಿಯೇ ಬಿಡಕೂಡದು. ಆರೆಂಟು ವಾರದ ಮೇಲೆ ರಕ್ತವನ್ನು ಮತ್ತೆ ನೋಡಿಸಬೇಕು, ಹಳೆಯ ಚೀಟಿಯನ್ನೂ ಜೊತೆಗೆ ಒಯ್ಯಬೇಕು.